ಶಾಖಾಚಂದ್ರನೂ ಯಲಹಂಕದ ಆಕಾಶವೂ

ಬಿದಿಗೆಯ ಚಂದ್ರನನ್ನು ಬಾಲಕನಿಗೆ ತೋರಿಸಬೇಕಾದಾಗ ಹಿರಿಯರು ನೇರವಾಗಿ ಆಕಾಶದತ್ತ ಕೈಮಾಡುವುದಿಲ್ಲ. ಸಂಜೆಯ ಬೆಳಕಿನಲ್ಲಿ ಆ ಎಳೆಯ ರೇಖೆಯು ಥಟ್ಟನೆ ಕಣ್ಣಿಗೆ ಬೀಳದು. ಆದಕಾರಣ ಎದುರಿನ ಮರವನ್ನು ಮೊದಲು ತೋರಿಸಿ, ಅದರ ಒಂದು ಕೊಂಬೆಯನ್ನು ಗುರುತಿಸಿ, ಆ ಕೊಂಬೆಯ ತುದಿಯಲ್ಲಿ ಚಂದ್ರನಿರುವನು, ನೋಡು ಎನ್ನುತ್ತಾರೆ. ನಮ್ಮ ಶಾಸ್ತ್ರಕಾರರು ಇದಕ್ಕೆ ಶಾಖಾಚಂದ್ರನ್ಯಾಯವೆಂದು ಹೆಸರಿಟ್ಟು, ಸ್ಥೂಲವಾದುದರ ಮೂಲಕ ಸೂಕ್ಷ್ಮವಾದುದನ್ನು ಬೋಧಿಸುವ ಕ್ರಮಕ್ಕೆ ದೃಷ್ಟಾಂತವಾಗಿ ಬಳಸಿಕೊಂಡಿದ್ದಾರೆ. ಕೊಂಬೆಗೂ ಚಂದ್ರನಿಗೂ ನಡುವೆ ಸುಮಾರು ೩,೮೪,೦೦೦ ಕಿಲೋಮೀಟರುಗಳ ಅಂತರವಿದೆ. ಆದರೂ ಕಣ್ಣಿಗೆ ಅವೆರಡೂ ಒಂದನ್ನೊಂದು ಮುಟ್ಟಿಕೊಂಡಿರುವಂತೆ ತೋರುತ್ತವೆ. ಮರದ ಕೆಳಗೆ ನಿಂತ ಹುಡುಗನು ಅದರಿಂದ ಮೋಸಹೋಗುವುದಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಚಂದ್ರನು ಕೊಂಬೆಯನ್ನು ಬಿಟ್ಟುಹೋಗುವನೆಂಬುದನ್ನು ಅವನು ಬಲ್ಲನು. ಅದೇ ನೋಟವನ್ನು ಛಾಯಾಚಿತ್ರವಾಗಿ ತೆಗೆದು ಕಾಗದದ ಮೇಲೆ ಅಚ್ಚುಹಾಕಿದರೆ, ಪಕ್ಕಕ್ಕೆ ಸರಿಯುವ ಆ ಎರಡು ಹೆಜ್ಜೆಗಳು ನೋಡುವವನಿಗೆ ದೊರೆಯುವುದಿಲ್ಲ.

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಲ್ಲಿ ಈ ನ್ಯಾಯದ ಆಧುನಿಕ ಉದಾಹರಣೆಯೊಂದು ಕಾಲಕಾಲಕ್ಕೆ ಆಕಾಶದಲ್ಲಿಯೇ ತೋರಿಬರುತ್ತಿದೆ. ಅಲ್ಲಿನ ವಾಯುಸೇನಾ ನೆಲೆಯಲ್ಲಿ ೧೯೯೬ರ ಡಿಸೆಂಬರಿನಲ್ಲಿ 'ಏರೋ ಇಂಡಿಯಾ' ಎಂಬ ವಿಮಾನ ಪ್ರದರ್ಶನವು ಮೊದಲ ಬಾರಿಗೆ ನಡೆಯಿತು. ಅಲ್ಲಿಂದೀಚೆಗೆ ಸುಮಾರಾಗಿ ಎರಡು ವರ್ಷಗಳಿಗೊಮ್ಮೆ ಅದು ನಡೆದುಕೊಂಡು ಬಂದಿದೆ. ಅದೇ ೧೯೯೬ರಲ್ಲಿ ಬೀದರಿನ ವಾಯುಸೇನಾ ನೆಲೆಯಲ್ಲಿ 'ಸೂರ್ಯಕಿರಣ'ವೆಂಬ ವಿಮಾನ ತಂಡವು ರೂಪುಗೊಂಡಿತು. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿಯೇ ಸಿದ್ಧವಾದ ಕಿರಣ್ ವಿಮಾನಗಳು ಒಂಬತ್ತು ಕೂಡಿ ಒಂದೇ ಹಕ್ಕಿಯ ರೆಕ್ಕೆಗಳಂತೆ ಹಾರುವುದನ್ನು ನೋಡಲು ಯಲಹಂಕದ ಬಯಲಿಗೆ ಜನರು ಕುಟುಂಬಸಮೇತರಾಗಿ ಬರುತ್ತಿದ್ದರು. ೨೦೧೧ರಲ್ಲಿ ತಂಡವು ನಿಂತುಹೋಗಿ, ೨೦೧೫ರಲ್ಲಿ ಹಾಕ್ ವಿಮಾನಗಳೊಡನೆ ಪುನಃ ಕೂಡಿತು. ಪ್ರದರ್ಶನದ ದಿನಗಳಲ್ಲಿ ಬಳ್ಳಾರಿ ರಸ್ತೆಯ ಬದಿಯಲ್ಲಿಯೂ ಸುತ್ತಲಿನ ಮನೆಗಳ ತಾರಸಿಗಳ ಮೇಲೆಯೂ ಮೊಳದುದ್ದದ ಲೆನ್ಸುಗಳನ್ನು ಹೊತ್ತ ಛಾಯಾಗ್ರಾಹಕರು ಬಿಸಿಲಿಗೆ ಹಿಂಜರಿಯದೆ ನಿಂತಿರುತ್ತಾರೆ. ಮರುದಿನದ ಪತ್ರಿಕೆಗಳಲ್ಲಿ ಎರಡು ವಿಮಾನಗಳು ಎದುರುಬದುರಾಗಿ ಬಂದು ಒಂದರ ರೆಕ್ಕೆ ಇನ್ನೊಂದನ್ನು ಸವರಿಕೊಂಡು ಹೋಗುತ್ತಿರುವ ಚಿತ್ರವು ಬರುತ್ತದೆ. ಮನೆಯ ಪಡಸಾಲೆಯಲ್ಲಿ ಕುಳಿತು ಅದನ್ನು ನೋಡಿದವರು ಉಸಿರು ಬಿಗಿಹಿಡಿಯುತ್ತಾರೆ.

ಆ ಚಿತ್ರವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ವಿಮಾನಗಳು ನಿಜವಾಗಿಯೂ ಅಷ್ಟು ಸಮೀಪದಲ್ಲಿದ್ದವೆಂದು ಕೆಲವರು ನಂಬುತ್ತಾರೆ. ಸ್ವಲ್ಪ ತಿಳಿದವರು, ಅದು ಲೆನ್ಸಿನ ಮಾಯೆ, ಉದ್ದನೆಯ ಲೆನ್ಸು ದೂರವನ್ನು ಹಿಂಡಿ ಚಪ್ಪಟೆಮಾಡುತ್ತದೆ ಎನ್ನುತ್ತಾರೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಮೇಲೆಂದು ತೋರಿದರೂ ಪೂರ್ತಿಯಾಗಿ ಸರಿಯಲ್ಲ. ಛಾಯಾಗ್ರಹಣದ ಕೈಪಿಡಿಗಳಲ್ಲಿಯೂ ಅದು ಇಂದಿಗೂ ಬೇರೂರಿಕೊಂಡಿದೆ. ಲೆನ್ಸಿಗೆ ಸಲ್ಲದ ಅಪವಾದವನ್ನು ಲೆನ್ಸಿನ ಮೇಲೆ ಹೊರಿಸಿದಂತಾಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡುವುದು ಅವಶ್ಯ. ದೂರದಿಂದ ನೋಡುವ ಕಾಚವು ಯಾವುದನ್ನು ಹೇಳಬಲ್ಲುದು, ಯಾವುದನ್ನು ಹೇಳಲಾರದು ಎಂಬುದನ್ನು ಚೆನ್ನಾಗಿ ಅರಿತಿದ್ದವನೊಬ್ಬನು ಛಾಯಾಗ್ರಹಣವು ಹುಟ್ಟುವುದಕ್ಕೆ ಮೊದಲೇ ಇದೇ ಬೆಂಗಳೂರಿನ ನೆಲದ ಮೇಲೆ ಕೆಲಸಮಾಡಿದ್ದನು. ಮೊದಲು ಅವನ ಕಥೆಯನ್ನು ನೋಡುವುದು ಉಚಿತ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ದಕ್ಷಿಣ ಹಿಂದುಸ್ಥಾನವನ್ನು ಕಡಲಿಂದ ಕಡಲಿಗೆ ತ್ರಿಕೋನಗಳ ಮೂಲಕ ಅಳೆಯಬೇಕೆಂದು ಸೂಚಿಸಿದನು. ಮುಂದೆ ವೆಲಿಂಗ್ಟನ್ ಪ್ರಭುವೆಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ಅದಕ್ಕೆ ಬೆಂಬಲವಾಗಿ ನಿಂತನು. ತ್ರಿಕೋನಮಾಪನದ ತತ್ತ್ವವು ಪಾಠಶಾಲೆಯ ವಿದ್ಯಾರ್ಥಿಗೂ ತಿಳಿದುದೇ. ಒಂದು ತ್ರಿಕೋನದ ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ಗೊತ್ತಾದರೆ ಉಳಿದ ಭುಜಗಳನ್ನು ಗಣಿತದಿಂದ ಪಡೆಯಬಹುದು. ಹೀಗೆ ಪಡೆದ ಭುಜದ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು, ಹೀಗೆ ನಾಡಿನುದ್ದಕ್ಕೂ ಬಲೆಯನ್ನು ಹೆಣೆಯುತ್ತ ಹೋಗಬಹುದು. ಕೋನಗಳನ್ನು ಕಾಣುವುದಕ್ಕೆ ದೂರದರ್ಶಕವುಳ್ಳ ಥಿಯೋಡೊಲೈಟ್ ಯಂತ್ರವು ಸಾಕು. ಆದರೆ ಮೊಟ್ಟಮೊದಲಿನ ಆ ಒಂದು ಭುಜವನ್ನು ಯಾವ ದೂರದರ್ಶಕವೂ ಕೊಡಲಾರದು. ಅದನ್ನು ನೆಲದ ಮೇಲೆ ಬಗ್ಗಿ, ಕೈಯಿಂದಲೇ ಅಳೆಯಬೇಕು.

ಆ ಮೊದಲ ಭುಜವನ್ನು ಲ್ಯಾಂಬ್ಟನ್ನನು ೧೮೦೦ನೆಯ ಇಸವಿಯ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿ ಅಳೆಯಲಾರಂಭಿಸಿ ಡಿಸೆಂಬರಿನಲ್ಲಿ ಮುಗಿಸಿದನು. ಅದರ ಉದ್ದವು ಏಳೂವರೆ ಮೈಲಿಗೆ ಸಮೀಪ. ಅಳತೆಗೆ ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಲಂಡನ್ನಿನ ರಾಮ್ಸ್‌ಡನ್ ಎಂಬ ಪ್ರಸಿದ್ಧ ಯಂತ್ರಶಿಲ್ಪಿಯು ಮಾಡಿದ ಈ ಸರಪಳಿಯು ಚೀನಾ ದೇಶದ ಚಕ್ರವರ್ತಿಗೆ ಕಾಣಿಕೆಯಾಗಿ ಕೊಡಲೆಂದು ಹೊರಟ ಸಾಮಗ್ರಿಗಳಲ್ಲಿ ಒಂದಾಗಿದ್ದು, ಅಲ್ಲಿ ಉಳಿಯದೆ ಹಿಂದಿರುಗಿ, ಕೊನೆಗೆ ಮೈಸೂರು ಸೀಮೆಯ ಕೆಮ್ಮಣ್ಣಿನ ಮೇಲೆ ಬಿದ್ದುದು ವಿಧಿಯ ವಿನೋದವೆನ್ನಬೇಕು. ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಟ್ಟವಾಗಿ ಮಲಗಿಸಿ, ಬಿಗಿಯಾಗಿ ಎಳೆದು, ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಮಾಪಕಗಳನ್ನೂ ಜತೆಯಲ್ಲಿಟ್ಟು, ಪ್ರತಿಯೊಂದು ಸಲವೂ ಶಾಖವನ್ನು ಬರೆದುಕೊಂಡು ಮುಂದೆ ಸಾಗಬೇಕಾಗಿತ್ತು. ಸುಮಾರು ನಾನೂರು ಸಲ ಹೀಗೆ ಎತ್ತಿ ಇಳಿಸಿದ ಮೇಲೆ ಒಂದು ಸರಳರೇಖೆಯು ಸಿದ್ಧವಾಯಿತು.

ಇಷ್ಟಕ್ಕೆ ಅವನು ತೃಪ್ತನಾಗಲಿಲ್ಲ. ಲಂಡನ್ನಿನ ಕೇರಿಯು ಮಾಡಿದ ಅರ್ಧ ಟನ್ ತೂಕದ ಮಹಾ ಥಿಯೋಡೊಲೈಟ್ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ದ್ವೀಪವನ್ನು ಕಂಡು, ಅವರ ಸೌಜನ್ಯದಿಂದ ಬಿಡುಗಡೆ ಹೊಂದಿ ೧೮೦೨ರಲ್ಲಿ ಮದರಾಸಿಗೆ ಬಂದಿತು. ಅದೇ ವರ್ಷದ ಏಪ್ರಿಲ್ ೧೦ರಂದು ಮದರಾಸಿನ ಸಂತ ಥಾಮಸರ ಬೆಟ್ಟದ ಬಳಿ ಲ್ಯಾಂಬ್ಟನ್ನನು ಹೊಸದಾಗಿ ಆಧಾರರೇಖೆಯನ್ನು ಅಳೆಯಲು ತೊಡಗಿದ್ದನು. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದು, ೧೮೦೪ರಲ್ಲಿ ಬೆಂಗಳೂರಿನಲ್ಲಿ ಪುನಃ ನೆಲಕ್ಕೆ ಸರಪಳಿಯನ್ನು ಹಾಸಿದನು. ತ್ರಿಕೋನಗಳ ಗಣಿತವು ಕೊಟ್ಟ ಉದ್ದಕ್ಕೂ ಸರಪಳಿಯು ಕೊಟ್ಟ ಉದ್ದಕ್ಕೂ ಇದ್ದ ವ್ಯತ್ಯಾಸವು ಏಳು ಮೈಲಿಗಳ ಮೇಲೆ ನಾಲ್ಕಂಗುಲಕ್ಕಿಂತ ಕಡಿಮೆ. ೧೮೧೮ರಲ್ಲಿ 'ಮಹಾ ತ್ರಿಕೋನಮಿತೀಯ ಸರ್ವೇಕ್ಷಣ'ವೆಂಬ ಹೆಸರನ್ನು ಪಡೆದು ಹಿಮಾಲಯದವರೆಗೆ ಬೆಳೆದ ಮಹಾಕಾರ್ಯದ ಪ್ರಾರಂಭದ ಪರೀಕ್ಷೆಯು ಇದು. ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಆ ಮಹಾಯಂತ್ರವು ಜಜ್ಜಿಹೋದುದನ್ನೂ, ಲ್ಯಾಂಬ್ಟನ್ನನು ವಾರಗಟ್ಟಲೆ ಕುಳಿತು ಸ್ವಹಸ್ತದಿಂದ ಸರಿಪಡಿಸಿದುದನ್ನೂ ಹೇಳತೊಡಗಿದರೆ ಅದೇ ಒಂದು ಲೇಖನವಾದೀತು.

ಪ್ರಕೃತಕ್ಕೆ ಬೇಕಾದುದು ಇಷ್ಟೇ. ದೂರದರ್ಶಕವು ಕೋನವನ್ನು ಕೊಡುತ್ತದೆ, ದೂರವನ್ನು ಕೊಡುವುದಿಲ್ಲ. ಛಾಯಾಚಿತ್ರಕ್ಕೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಲೆನ್ಸಿನ ಮುಂದಿರುವ ವಸ್ತುಗಳು ಒಂದೊಂದೂ ಎಷ್ಟು ಕೋನವನ್ನು ಆಕ್ರಮಿಸಿವೆಯೆಂಬುದಷ್ಟೇ ಚಿತ್ರದಲ್ಲಿ ದಾಖಲಾಗುತ್ತದೆ. ಒಂದು ವಸ್ತುವಿನ ಕೋನವು ಅದರ ಗಾತ್ರವನ್ನೂ ಅದು ಇರುವ ದೂರವನ್ನೂ ಅವಲಂಬಿಸಿದೆ. ಚಂದ್ರನು ಆಕ್ರಮಿಸುವುದು ಸುಮಾರು ಅರ್ಧ ಡಿಗ್ರಿ. ಮೂರು ಕಿಲೋಮೀಟರು ದೂರದಲ್ಲಿರುವ ೨೭ ಮೀಟರು ಎತ್ತರದ ಗೋಪುರವೂ ಅಷ್ಟನ್ನೇ ಆಕ್ರಮಿಸುತ್ತದೆ. ಆದ್ದರಿಂದಲೇ ಗೋಪುರದ ಹಿಂದೆ ಗೋಪುರದಷ್ಟೇ ದೊಡ್ಡ ಹುಣ್ಣಿಮೆಯ ಚಂದ್ರನು ಏಳುತ್ತಿರುವ ಚಿತ್ರಗಳು ಸಾಧ್ಯವಾಗುತ್ತವೆ. ಅಲ್ಲಿ ಚಂದ್ರನನ್ನು ಯಾರೂ ಹಿಗ್ಗಿಸಿಲ್ಲ. ಛಾಯಾಗ್ರಾಹಕನು ಗೋಪುರದಿಂದ ಮೂರು ಕಿಲೋಮೀಟರು ಹಿಂದಕ್ಕೆ ನಡೆದಿದ್ದಾನೆ, ಅಷ್ಟೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಶಂಕುವಿನ ನೆರಳಿನಿಂದ ದೀಪದ ಎತ್ತರವನ್ನು ಕಾಣುವ ಪ್ರಕರಣಕ್ಕೆ ಛಾಯಾವ್ಯವಹಾರವೆಂದು ಹೆಸರು. ಅಲ್ಲಿಯೂ ನೆರಳೊಂದೇ ಸಾಲದು. ಶಂಕುವಿಗೂ ದೀಪಕ್ಕೂ ನಡುವಣ ನೆಲದ ಅಳತೆಯೂ ಬೇಕು. ಛಾಯಾಚಿತ್ರವೆಂಬ ಹೆಸರನ್ನು ಕನ್ನಡಕ್ಕೆ ತಂದವರು ಇದನ್ನು ನೆನೆದಿದ್ದರೋ ಇಲ್ಲವೋ, ಹೆಸರಂತೂ ಒಪ್ಪುವಂತಿದೆ.

ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ತೋರುವ ಕ್ರಮವನ್ನು ಚಿತ್ರಕಾರರು ಪರ್ಸ್ಪೆಕ್ಟಿವ್ ಎನ್ನುತ್ತಾರೆ. ಇಲ್ಲಿ ಅದನ್ನು ದೃಶ್ಯತಾರತಮ್ಯವೆಂದು ಕರೆಯಬಹುದು. ಈ ತಾರತಮ್ಯವು ಎಲ್ಲಿಂದ ಹುಟ್ಟುತ್ತದೆ? ಶಾಕುಂತಲದ ಮೊದಲನೆಯ ಅಂಕದಲ್ಲಿ ಜಿಂಕೆಯನ್ನು ಬೆನ್ನಟ್ಟಿದ ದುಷ್ಯಂತನು, ರಥದ ವೇಗದಿಂದಾಗಿ ಚಿಕ್ಕದಾಗಿ ಕಂಡ ವಸ್ತುಗಳು ಒಮ್ಮೆಲೇ ದೊಡ್ಡವಾಗುವುದನ್ನೂ, ಬೇರೆಯಾಗಿದ್ದವು ಕೂಡಿಕೊಂಡಂತೆ ತೋರುವುದನ್ನೂ ವರ್ಣಿಸುತ್ತಾನೆ. ಅಲ್ಲಿ ರಾಜನ ಕಣ್ಣು ಬದಲಾಗಲಿಲ್ಲ. ಅವನಿದ್ದ ಸ್ಥಳವು ಬದಲಾಯಿತು. ಛಾಯಾಗ್ರಹಣದಲ್ಲಿಯೂ ಹಾಗೆಯೇ. ಹೆಬ್ಬಾಳದ ರಸ್ತೆಯಲ್ಲಿ ಇಪ್ಪತ್ತು ಮೀಟರುಗಳ ಅಂತರದಲ್ಲಿ ಒಂದರ ಹಿಂದೊಂದು ಎರಡು ಬಸ್ಸುಗಳು ನಿಂತಿವೆಯೆನ್ನೋಣ. ಮುಂದಿನ ಬಸ್ಸಿಗೆ ಇಪ್ಪತ್ತು ಮೀಟರು ದೂರದಲ್ಲಿ ನಿಂತವನಿಗೆ ಹಿಂದಿನ ಬಸ್ಸು ಮುಂದಿನದರ ಅರ್ಧದಷ್ಟೇ ತೋರುತ್ತದೆ. ಅವನು ನಾನೂರು ಮೀಟರು ಹಿಂದಕ್ಕೆ ಹೋದರೆ ಹಿಂದಿನ ಬಸ್ಸು ಮುಂದಿನದರ ನೂರಕ್ಕೆ ತೊಂಬತ್ತೈದು ಪಾಲಿನಷ್ಟು ತೋರುತ್ತದೆ. ಎರಡೂ ಅಂಟಿಕೊಂಡಂತಾಗುತ್ತವೆ. ಬರಿಗಣ್ಣಿಗೂ ಹಾಗೆಯೇ, ಆದರೆ ಅಷ್ಟು ದೂರದಿಂದ ಬಸ್ಸುಗಳು ಬೆರಳಿನುಗುರಿಗಿಂತ ಚಿಕ್ಕವಾಗಿರುವುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ಉದ್ದನೆಯ ಲೆನ್ಸು ಆ ಉಗುರಿನಷ್ಟು ಭಾಗವನ್ನು ಎತ್ತಿ ಪುಟದ ತುಂಬ ಹರಡುತ್ತದೆ. ಅದರ ಕೆಲಸವು ಅಷ್ಟಕ್ಕೇ ಮುಗಿಯಿತು.

ಸಂದೇಹವುಳ್ಳವರು ತಮ್ಮ ಮನೆಯ ತಾರಸಿಯಿಂದಲೇ ಇದನ್ನು ಪರೀಕ್ಷಿಸಿ ನೋಡಬಹುದು. ನಿಂತಲ್ಲಿಯೇ ನಿಂತು, ಒಂದೇ ದಿಕ್ಕಿಗೆ, ೫೦ ಮಿಲಿಮೀಟರು ಸಂಗಮದೂರದ ಲೆನ್ಸಿನಿಂದ ಒಂದು ಚಿತ್ರವನ್ನೂ ೪೦೦ ಮಿಲಿಮೀಟರಿನದರಿಂದ ಇನ್ನೊಂದನ್ನೂ ತೆಗೆಯಬೇಕು. ಮೊದಲನೆಯದರ ನಡುವಣ ಭಾಗವನ್ನು ಎಂಟು ಪಟ್ಟು ಹಿಗ್ಗಿಸಿ ಎರಡನೆಯದರ ಪಕ್ಕದಲ್ಲಿಡಬೇಕು. ಮೊದಲನೆಯದು ಒರಟಾಗಿರುವುದು, ಸೂಕ್ಷ್ಮವಿವರಗಳು ಮಾಸಿರುವುವು. ಆದರೆ ನೀರಿನ ತೊಟ್ಟಿ, ತೆಂಗಿನ ಮರ, ಅದರಾಚೆಯ ಕಟ್ಟಡ ಇವುಗಳ ಪರಸ್ಪರ ಪ್ರಮಾಣವು ಎರಡರಲ್ಲಿಯೂ ಕೂದಲೆಳೆಯಷ್ಟೂ ಬೇರೆಯಾಗಿರುವುದಿಲ್ಲ. ಲೆನ್ಸು ದೃಶ್ಯತಾರತಮ್ಯವನ್ನು ಬದಲಿಸುತ್ತಿದ್ದರೆ ಇದು ಹೇಗೆ ಸಾಧ್ಯ? ಬದಲಿಸುವುದು ಕಾಲು, ಲೆನ್ಸು ಆ ಕಾಲಿಗೆ ದೂರದಲ್ಲಿ ನಿಲ್ಲುವ ಅನುಮತಿಯನ್ನು ಕೊಡುತ್ತದೆ.

ಅನುಮತಿಯು ದೊರೆತದ್ದು ಯಾವಾಗ? ಪೀನ ಮಸೂರ ಮತ್ತು ನಿಮ್ನ ಮಸೂರಗಳನ್ನು ಒಂದರ ಹಿಂದೊಂದು ಇಟ್ಟು ಬಿಂಬವನ್ನು ದೊಡ್ಡದು ಮಾಡಬಹುದೆಂಬುದನ್ನು ಕೆಪ್ಲರನು ೧೬೧೧ರಲ್ಲಿಯೇ ವಿವರಿಸಿದ್ದನು. ಆದರೆ ಛಾಯಾಗ್ರಹಣದ ಮೊದಲ ಅರ್ಧ ಶತಮಾನದಲ್ಲಿ ಇದು ಬಳಕೆಗೆ ಬರಲಿಲ್ಲ. ಸಾಧಾರಣ ಲೆನ್ಸಿನಲ್ಲಿ ಸಂಗಮದೂರವೆಷ್ಟೋ ಸುಮಾರಾಗಿ ಅಷ್ಟೇ ಉದ್ದದ ಪೆಟ್ಟಿಗೆಯೂ ಬೇಕು. ದೂರದ ವಸ್ತುವನ್ನು ದೊಡ್ಡದಾಗಿ ಹಿಡಿಯಬೇಕೆಂದವರು ಗಜಗಟ್ಟಲೆ ಉದ್ದದ ತಿದಿಯನ್ನು ಹೊರಬೇಕಾಗುತ್ತಿತ್ತು. ೧೮೯೧ರಲ್ಲಿ ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್ಮೇಯರ್, ಜರ್ಮನಿಯ ಅಡಾಲ್ಫ್ ಸ್ಟೈನ್‌ಹೈಲ್, ಅಡಾಲ್ಫ್ ಮೀಥೆ ಈ ಮೂವರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಉಪಾಯವನ್ನು ಕಂಡುಹಿಡಿದರು. ಮುಂದೆ ಪೀನ ಮಸೂರ, ಹಿಂದೆ ನಿಮ್ನ ಮಸೂರ. ಇದರಿಂದ ಪೆಟ್ಟಿಗೆಯು ಚಿಕ್ಕದಾಗಿದ್ದರೂ ಸಂಗಮದೂರವು ದೊಡ್ಡದಾಗುತ್ತದೆ. ಇದೇ ಟೆಲಿಫೋಟೋ ಲೆನ್ಸು. ಡಾಲ್ಮೇಯರನು ೧೮೯೯ರಲ್ಲಿ ಇದನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ಸಾಂಖ್ಯಕಾರಿಕೆಯು ಇರುವ ವಸ್ತುವೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಎಣಿಸುವಾಗ ಅತಿದೂರವನ್ನೇ ಮೊದಲಿಡುತ್ತದೆ. ಅದರ ಬೆನ್ನಿಗೇ ಅತಿಸಾಮೀಪ್ಯವನ್ನು ಹೇಳುತ್ತದೆ. ಟೆಲಿಫೋಟೋ ಲೆನ್ಸು ಮೊದಲನೆಯ ದೋಷವನ್ನು ಒಂದು ಮಟ್ಟಿಗೆ ಕಳೆಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೂಡ ಅದು ಸುಳ್ಳುಮಾಡುತ್ತದೆ. ಯಲಹಂಕದ ಬಯಲಿನಿಂದ ನೀಲಿಯ ಗೆರೆಯಾಗಿ ತೋರುವ ನಂದಿಬೆಟ್ಟದ ಬಂಡೆಗಳ ಸೀಳುಗಳನ್ನು ನಿರ್ಮಲವಾದ ಬೆಳಗಿನಲ್ಲಿ ಅದು ಎತ್ತಿ ತೋರಿಸಬಲ್ಲುದು. ಗಾದೆಯ ಮರ್ಮವಾದ ದೂರವು ಮಾತ್ರ ಇದ್ದಷ್ಟೇ ಇರುತ್ತದೆ.

ಹಾಗಿದ್ದರೂ ಒಂದು ಆಕ್ಷೇಪವು ಉಳಿಯುತ್ತದೆ. ನಾನೂರು ಮೀಟರು ದೂರದಿಂದ ಬರಿಗಣ್ಣಿನಲ್ಲಿ ನೋಡಿದಾಗ ಆ ಬಸ್ಸುಗಳು ಅಂಟಿಕೊಂಡಿವೆಯೆಂಬ ಭ್ರಾಂತಿ ಹುಟ್ಟುವುದಿಲ್ಲ. ಚಿತ್ರದಲ್ಲಿ ನೋಡಿದಾಗ ಹುಟ್ಟುತ್ತದೆ. ಇದಕ್ಕೆ ಕಾರಣವು ಕ್ಯಾಮರಾದಲ್ಲಿಲ್ಲ, ನೋಡುವವನ ಪಡಸಾಲೆಯಲ್ಲಿದೆ. ಹದಿನೈದನೆಯ ಶತಮಾನದ ಆದಿಯಲ್ಲಿ ಫ್ಲಾರೆನ್ಸ್ ನಗರದ ಬ್ರೂನೆಲ್ಲೆಸ್ಕಿಯು ತನ್ನ ಪ್ರಸಿದ್ಧ ಚಿತ್ರಫಲಕದಲ್ಲಿ ಒಂದು ರಂಧ್ರವನ್ನು ಕೊರೆದು, ಅದರ ಹಿಂದೆ ಕಣ್ಣಿಟ್ಟು, ಎದುರಿನ ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕೆಂದು ಏರ್ಪಡಿಸಿದನು. ಯಾವುದೇ ದೃಶ್ಯಚಿತ್ರಕ್ಕೂ ತಕ್ಕ ಒಂದು ನೋಟದ ಸ್ಥಾನವಿದೆಯೆಂಬುದನ್ನು ಅವನು ಅರಿತಿದ್ದನು. ಛಾಯಾಚಿತ್ರಕ್ಕೂ ಆ ಸ್ಥಾನವುಂಟು. ಲೆನ್ಸಿನ ಸಂಗಮದೂರವನ್ನು ಚಿತ್ರವನ್ನು ಹಿಗ್ಗಿಸಿದ ಪ್ರಮಾಣದಿಂದ ಗುಣಿಸಿದರೆ ಅದು ಸಿಗುತ್ತದೆ. ೫೦ ಮಿಲಿಮೀಟರಿನ ಲೆನ್ಸಿನಿಂದ ತೆಗೆದು ಹತ್ತು ಪಟ್ಟು ಹಿಗ್ಗಿಸಿದ ಚಿತ್ರವನ್ನು ಅರ್ಧ ಮೀಟರು ದೂರದಿಂದ ನೋಡುವುದು ಸರಿ; ಮನುಷ್ಯರು ಪತ್ರಿಕೆಯನ್ನು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ೪೦೦ ಮಿಲಿಮೀಟರಿನಿಂದ ತೆಗೆದುದನ್ನು ನಾಲ್ಕು ಮೀಟರು ದೂರದಿಂದ ನೋಡಬೇಕು. ಹಾಗೆ ಯಾರೂ ನೋಡುವುದಿಲ್ಲ. ಅದನ್ನೂ ಕೈಯಲ್ಲಿ ಹಿಡಿದು ಅರ್ಧ ಮೀಟರಿನಿಂದಲೇ ನೋಡುತ್ತಾರೆ. ದೂರದಿಂದ ಕಂಡ ನೋಟವನ್ನು ಹತ್ತಿರದ ನೋಟವೆಂದು ಮನಸ್ಸು ತಿಳಿಯುತ್ತದೆ. ಹತ್ತಿರದ ವಸ್ತುಗಳಿಗೆ ಇರಬೇಕಾದ ಗಾತ್ರಭೇದವು ಅಲ್ಲಿಲ್ಲದಿರುವುದರಿಂದ, ಇವು ಒಂದಕ್ಕೊಂದು ತಗುಲಿಕೊಂಡಿವೆಯೆಂದು ನಿರ್ಣಯಿಸುತ್ತದೆ. ಹಗ್ಗವನ್ನು ಹಾವೆಂದು ತಿಳಿದವನ ಸ್ಥಿತಿಯಲ್ಲಿ ಹಗ್ಗದ್ದು ಏನೂ ತಪ್ಪಿಲ್ಲ.

ಈ ವಿಚಾರವನ್ನು ಗಣಿತದಿಂದಲ್ಲದೆ ಅನುಭವದಿಂದ ಬಲ್ಲವರು ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಾಹಕರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭), ಇ. ಹನುಮಂತರಾವ್, ಸಂಡೂರಿನ ರಾಜಮನೆತನಕ್ಕೆ ಸೇರಿ ರಾಜ್ಯದ ಹಣಕಾಸಿನ ಮಂತ್ರಿಯೂ ಆಗಿದ್ದ ಎಂ. ವೈ. ಘೋರ್ಪಡೆ (೧೯೩೧–೨೦೧೧) ಇವರ ಹೆಸರುಗಳು ಆ ಕ್ಷೇತ್ರದಲ್ಲಿ ದೇಶದ ಆಚೆ ಕೂಡ ಪರಿಚಿತವಾದವು. ಘೋರ್ಪಡೆಯವರ ಇಂಗ್ಲಿಷ್ ಗ್ರಂಥವೊಂದು ೧೯೮೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ತಲೆಮಾರಿನವರಲ್ಲಿ ಹಕ್ಕಿಯ ಗೂಡಿಗೆ ಕೆಲವೇ ಮೀಟರು ದೂರದಲ್ಲಿ ಸೊಪ್ಪಿನ ಅಥವಾ ಬಟ್ಟೆಯ ಮರೆಯನ್ನು ಕಟ್ಟಿ, ಗಂಟೆಗಟ್ಟಲೆ ಅಲುಗಾಡದೆ ಕುಳಿತು ಚಿತ್ರ ತೆಗೆಯುವ ಪದ್ಧತಿಯಿತ್ತು. ಅಂಥ ಚಿತ್ರದಲ್ಲಿ ಹಕ್ಕಿಯು ದೊಡ್ಡದು. ಅದರ ಹಿಂದಿನ ಮರ, ಕೆರೆಯ ಏರಿ, ದೂರದ ಗುಡ್ಡ ಕ್ರಮವಾಗಿ ಚಿಕ್ಕವಾಗುತ್ತ ಹೋಗುತ್ತವೆ. ಹಕ್ಕಿಗೆ ಒಂದು ಊರಿದೆಯೆಂಬುದು ನೋಡುವವನಿಗೆ ತಿಳಿಯುತ್ತದೆ. ಈಗ ಹೆಬ್ಬಾಳದ ಕೆರೆಯ ಏರಿಯ ಮೇಲೆ ನಿಂತು ೬೦೦ ಮಿಲಿಮೀಟರಿನ ಲೆನ್ಸಿನಿಂದ ಹೆಜ್ಜಾರ್ಲೆಯನ್ನು ಹಿಡಿಯುವವರ ಚಿತ್ರದಲ್ಲಿ ನೋಟದ ಕೋನವು ನಾಲ್ಕು ಡಿಗ್ರಿಗೆ ಇಳಿದಿರುತ್ತದೆ. ಹಕ್ಕಿಯ ಹಿಂದೆ ಒಂದು ಬಣ್ಣದ ತೆರೆಯಷ್ಟೇ ಉಳಿಯುತ್ತದೆ. ಅಥವಾ ೨೦೦೩ರಲ್ಲಿ ತೆರೆದ ಮೇಲುಸೇತುವೆಯ ವಾಹನಗಳು ಹಕ್ಕಿಯ ಬೆನ್ನಿನ ಮೇಲೆಯೇ ಓಡುತ್ತಿರುವಂತೆ ತೋರುತ್ತವೆ. ಹಕ್ಕಿಗೆ ಈ ಎರಡನೆಯ ಕ್ರಮವೇ ಕ್ಷೇಮವೆಂಬುದರಲ್ಲಿ ಸಂದೇಹವಿಲ್ಲ. ಗೂಡಿನ ಬಳಿ ಮನುಷ್ಯನು ಸುಳಿಯದಿರುವುದೇ ಒಳ್ಳೆಯದು. ಆದರೆ ಹಳೆಯ ಚಿತ್ರಗಳಲ್ಲಿದ್ದ ಊರಿನ ಆಳವು ಹೊಸವುಗಳಲ್ಲಿ ಇಲ್ಲವೆಂಬುದನ್ನು ಒಪ್ಪದೆ ವಿಧಿಯಿಲ್ಲ. ಹೆಬ್ಬಾಳದ ಕೆರೆಯು ಹಿಂದೆ ಹೇಗಿತ್ತೆಂದು ಮುಂದಿನವರು ಈ ಚಿತ್ರಗಳಿಂದ ತಿಳಿಯಬೇಕೆಂದರೆ ಹಕ್ಕಿಯ ಗರಿಗಳ ಲೆಕ್ಕವು ಸಿಕ್ಕೀತು, ಕೆರೆಯ ದಡವು ಸಿಗಲಾರದು.

ಹಕ್ಕಿಗಳ ವಿಷಯದಲ್ಲಿ ಇದು ಅಭಿರುಚಿಯ ಪ್ರಶ್ನೆ. ಮನುಷ್ಯರ ವಿಷಯದಲ್ಲಿ ಸಾಕ್ಷ್ಯದ ಪ್ರಶ್ನೆಯಾಗುತ್ತದೆ. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕವು ಹರಡಿ ಜನರು ಪರಸ್ಪರ ಅಂತರವನ್ನು ಕಾಯ್ದುಕೊಳ್ಳಬೇಕಾಗಿ ಬಂದಾಗ, ಬೀದಿಗಳಲ್ಲಿ ಜನರು ಒತ್ತಿಕೊಂಡು ನಿಂತಿರುವ ಚಿತ್ರಗಳು ಲೋಕದೆಲ್ಲೆಡೆ ಪ್ರಕಟವಾಗಿ ಛೀಮಾರಿಗೆ ಕಾರಣವಾದವು. ಆ ವರ್ಷದ ಏಪ್ರಿಲಿನಲ್ಲಿ ಡೆನ್ಮಾರ್ಕ್ ದೇಶದ ಇಬ್ಬರು ಸುದ್ದಿ ಛಾಯಾಗ್ರಾಹಕರು ಅದೇ ಜನರನ್ನು, ಅದೇ ಸ್ಥಳದಲ್ಲಿ, ದೂರದಿಂದ ಉದ್ದನೆಯ ಲೆನ್ಸಿನಿಂದಲೂ ಬೇರೆ ಬದಿಯಿಂದ ಅಗಲ ಲೆನ್ಸಿನಿಂದಲೂ ತೆಗೆದು ಜತೆಜತೆಯಾಗಿ ಪ್ರಕಟಿಸಿದರು. ಒಂದರಲ್ಲಿ ನೂಕುನುಗ್ಗಲು, ಇನ್ನೊಂದರಲ್ಲಿ ಶಿಸ್ತಾಗಿ ಅಂತರವಿಟ್ಟು ನಿಂತ ನಾಗರಿಕರು. ಎರಡರಲ್ಲಿಯೂ ಕೃತ್ರಿಮವಿಲ್ಲ. ಮೊದಲನೆಯದನ್ನು ಮಾತ್ರ ಕಂಡವರು ಆ ಜನರ ಮೇಲೆ ದಂಡವನ್ನು ವಿಧಿಸಬೇಕೆಂದರೆ ಅನ್ಯಾಯವಾಗುತ್ತಿತ್ತು. ಯಶವಂತಪುರದ ರೈಲು ನಿಲ್ದಾಣದ ಬಳಿ ದಂಡೆಯಿಂದ ಉದ್ದನೆಯ ಲೆನ್ಸಿನಲ್ಲಿ ಹಳಿಗಳನ್ನು ನೋಡುವವನಿಗೆ ಇದರ ಇನ್ನೊಂದು ಮುಖವು ತಿಳಿಯುತ್ತದೆ. ಎದುರಿಗೆ ಬರುವ ಗಾಡಿಯು ಕ್ಯಾಮರಾದ ಕಿಂಡಿಯಲ್ಲಿ ಬಹಳ ಹೊತ್ತು ಬೆಳೆಯದೆ ನಿಂತಂತೆಯೇ ಇರುತ್ತದೆ. ಸಾವಿರ ಮೀಟರಿನಿಂದ ಒಂಬೈನೂರಕ್ಕೆ ಬಂದಾಗ ಅದರ ಗಾತ್ರವು ಹೆಚ್ಚುವುದು ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಮೇಲೆ. ನೂರರಿಂದ ಐವತ್ತಕ್ಕೆ ಬಂದಾಗ ಇಮ್ಮಡಿ. ಹಳಿಗಳ ಮೇಲೆ ನಿಂತು ಚಿತ್ರ ತೆಗೆಯುವ ಸಾಹಸವು ಎಷ್ಟು ಅಪಾಯಕಾರಿಯೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇನ್ನು ಯಲಹಂಕದ ಆಕಾಶಕ್ಕೆ ಹಿಂದಿರುಗಬಹುದು. ಹಾಕ್ ವಿಮಾನದ ರೆಕ್ಕೆಗಳ ಹರವು ಸುಮಾರು ಹತ್ತು ಮೀಟರು, ಉದ್ದವು ಹನ್ನೆರಡು ಮೀಟರಿಗೆ ಸ್ವಲ್ಪ ಹೆಚ್ಚು. ನೋಡುವವನಿಂದ ಒಂದು ವಿಮಾನವು ಎಂಟುನೂರು ಮೀಟರು, ಇನ್ನೊಂದು ಎಂಟುನೂರ ನಲವತ್ತು ಮೀಟರು ದೂರದಲ್ಲಿ ದಾಟುತ್ತವೆಯೆಂದು ಇಟ್ಟುಕೊಳ್ಳೋಣ. ನಡುವೆ ಮೂರು ವಿಮಾನಗಳನ್ನು ಸಾಲಾಗಿ ನಿಲ್ಲಿಸುವಷ್ಟು ಜಾಗವಿದೆ. ೬೦೦ ಮಿಲಿಮೀಟರಿನ ಲೆನ್ಸು ಮೊದಲನೆಯದರ ರೆಕ್ಕೆಯ ಹರವನ್ನು ಏಳೂವರೆ ಮಿಲಿಮೀಟರಾಗಿಯೂ ಎರಡನೆಯದರದನ್ನು ಏಳು ಮಿಲಿಮೀಟರಿಗೆ ತುಸು ಮೇಲಾಗಿಯೂ ಬರೆಯುತ್ತದೆ. ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚಾದ ಈ ವ್ಯತ್ಯಾಸದಲ್ಲಿ ನಲವತ್ತು ಮೀಟರುಗಳು ಅಡಗಿವೆ. ಅದನ್ನು ಯಾವ ಕಣ್ಣು ಎಣಿಸೀತು? ನೋಟದ ರೇಖೆಗೆ ಅಡ್ಡವಾಗಿರುವ ಅಂತರವು ಚಿತ್ರದಲ್ಲಿ ಉಳಿಯುತ್ತದೆ, ರೇಖೆಯ ಉದ್ದಕ್ಕೆ ಇರುವ ಅಂತರವು ಅಳಿಯುತ್ತದೆ. ಎದುರುಬದುರಾಗಿ ದಾಟುವ ಆಟದಲ್ಲಿ ಚಾಲಕರು ಕಾಯ್ದುಕೊಳ್ಳುವ ಅಂತರವು ಪ್ರೇಕ್ಷಕರ ನೋಟದ ರೇಖೆಯ ಉದ್ದಕ್ಕೇ ಇದ್ದಾಗ, ಸಭೆಯ ಕಡೆಯಿಂದ ತೆಗೆದ ಚಿತ್ರದಲ್ಲಿ ಅದು ಪೂರ್ತಿಯಾಗಿ ಮಾಯವಾಗುತ್ತದೆ.

೨೦೧೯ರ ಫೆಬ್ರವರಿ ೧೯ರಂದು, ಪ್ರದರ್ಶನವು ಆರಂಭವಾಗುವುದಕ್ಕೆ ಒಂದು ದಿನ ಮುಂಚೆ, ಅಭ್ಯಾಸದಲ್ಲಿದ್ದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಯಲಹಂಕದ ಮೇಲೆ ನಿಜವಾಗಿಯೂ ಒಂದಕ್ಕೊಂದು ತಗುಲಿದವು. ಮೂವರು ಚಾಲಕರಲ್ಲಿ ಇಬ್ಬರು ಹೊರಕ್ಕೆ ಹಾರಿ ಬದುಕಿಕೊಂಡರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಪ್ರಾಣವನ್ನು ಕಳೆದುಕೊಂಡರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಪತ್ರಿಕೆಗಳು ಅಚ್ಚುಹಾಕಿದ್ದ ಚಿತ್ರಗಳಲ್ಲಿ ವಿಮಾನಗಳು ಎಷ್ಟು ಸಲ ತಗುಲಿಕೊಂಡಿದ್ದವೋ! ಆ ಚಿತ್ರಗಳಿಗೂ ಈ ದಿನಕ್ಕೂ ಇದ್ದ ಭೇದವು ಕಾಗದದ ಮೇಲೆ ಕೂದಲೆಳೆಯಷ್ಟು. ಆಕಾಶದಲ್ಲಿ ಅದು ಒಬ್ಬ ಮನುಷ್ಯನ ಆಯುಸ್ಸು. ಎಲ್ಲವೂ ಲೆನ್ಸಿನ ಮಾಯೆಯೆಂದು ನಕ್ಕವರಿಗೂ, ಎಲ್ಲವೂ ಕಂಡಂತೆಯೇ ಇದೆಯೆಂದು ಬೆದರಿದವರಿಗೂ ಚಿತ್ರವು ಸಮಾನವಾಗಿ ಮೌನವಾಗಿತ್ತು. ಚಾಲಕರು ಪ್ರತಿ ಬಾರಿಯೂ ಒಡ್ಡಿಕೊಳ್ಳುವ ಅಪಾಯವು ಎಷ್ಟೆಂಬುದನ್ನು ತಿಳಿಯಲು ಆ ಚಿತ್ರಗಳಿಂದ ಸಾಧ್ಯವಿರಲಿಲ್ಲ.

ತಂಡವು ಯಲಹಂಕಕ್ಕೆ ಮರಳಿ ಬಂದಿತು. ೨೦೨೩ರಲ್ಲಿಯೂ ೨೦೨೫ರಲ್ಲಿಯೂ ಅದು ಅಲ್ಲಿ ಹಾರಿತು. ತಾರಸಿಗಳ ಮೇಲೆ ಲೆನ್ಸುಗಳು ಮೊದಲಿನಂತೆಯೇ ಸಾಲುಗಟ್ಟಿದವು. ಲ್ಯಾಂಬ್ಟನ್ನನು ಸರಪಳಿಯ ಒಂದೊಂದು ಎಳೆತಕ್ಕೂ ಅದರ ಶಾಖವನ್ನು ಕೂಡ ಬರೆದಿಟ್ಟನು. ಈಗಿನ ಕ್ಯಾಮರಾಗಳು ಚಿತ್ರವನ್ನು ಹಿಡಿದ ಕ್ಷಣದಲ್ಲಿಯೇ ಲೆನ್ಸಿನ ಸಂಗಮದೂರವನ್ನು ತಾವಾಗಿಯೇ ಚಿತ್ರದೊಳಗೆ ಬರೆದುಕೊಳ್ಳುತ್ತವೆ. ಕೆಲವು ವಸ್ತುವಿನ ದೂರವನ್ನು ಕೂಡ ಅಂದಾಜುಮಾಡಿ ಸೇರಿಸುತ್ತವೆ. ಪತ್ರಿಕೆಯಲ್ಲಿ ಚಿತ್ರದ ಕೆಳಗೆ ವಿಮಾನದ ಹೆಸರೂ ದಿನಾಂಕವೂ ಅಚ್ಚಾಗುತ್ತವೆ. ಈ ಎರಡು ಅಂಕಿಗಳಿಗೆ ಅಲ್ಲಿ ಒಂದು ಸಾಲಿನ ಜಾಗವು ಸಾಕಾಗುತ್ತದೆ.